ಕಾರ್ಡಿನಲ್ಲಿದ್ದ ಕರೀ ಜಡೆ

ಮಾಡದಕೆರೆ ಕಡೆಯ ಒಂದು ಶಾಲೆಯಲ್ಲಿ ನನಗೆ ಚುನಾವಣೆ ಡ್ಯೂಟಿ ಬಿದ್ದಿತ್ತು. ಮತ ಹಾಕಲು ಬಂದವರ ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ.

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ತಲೆಯೆಲ್ಲ ಬೆಳ್ಳಗಿತ್ತು. ಅವಳ ಕಾರ್ಡಿನ ಫೋಟೋದಲ್ಲಿ ಮಾತ್ರ ಕರೀ ಜಡೆ. ನನ್ನ ಪಕ್ಕ ಕೂತಿದ್ದ ಆಫೀಸರು ಕಾರ್ಡನ್ನೂ ಮುಖವನ್ನೂ ಎರಡೆರಡು ಸಲ ನೋಡಿ, "ಇದು ನಿಮ್ಮ ಮಗಳ ಕಾರ್ಡಲ್ವೇನಮ್ಮ?" ಎಂದರು.

"ನಂದೇ ಸಾರ್. ಆವಾಗ ಬಣ್ಣ ಹಚ್ಕಂತಿದ್ದೆ. ಯಜಮಾನ್ರು ತೀರ್ಕಂಡ ಮೇಲೆ, ಇನ್ಯಾರಿಗೆ ತೋರ್ಸಾಕೆ ಅಂತ ನಮ್ಮತ್ತೆ ಬಿಡಿಸಿದ್ರು."

ಊರಿನ ಏಜೆಂಟರು "ಅವಳೇ ಬಿಡ್ರಿ ಸಾರ್" ಎಂದರು. ಆಫೀಸರು ವಯಸ್ಸು ಓದಿದರು, ನಲವತ್ತೊಂದು. ನನಗಿಂತ ಆರು ವರ್ಷ ಚಿಕ್ಕವಳು.

ನನ್ನೆದುರು ಬಂದು ಬೆರಳು ಚಾಚಿದವಳು ನನ್ನ ಬೈತಲೆಯನ್ನೇ ನೋಡಿದಳು. ಬಣ್ಣ ಹಚ್ಚುವುದನ್ನು ನಿಲ್ಲಿಸಿ ನನಗೂ ಮೂರು ತಿಂಗಳಾಗಿತ್ತು. ನಮ್ಮ ಸ್ಕೂಲಿನ ಟೀಚರುಗಳೆಲ್ಲ ಎಂಥಾ ಧೈರ್ಯ ಎಂದು ಹೊಗಳಿದ್ದರು, ನಾನೂ ನಂಬಿದ್ದೆ.

"ನಿಮ್ದೂ ಬುಡದಾಗೆ ಬೆಳ್ಳಗಾಗೈತಲ್ಲ ಅಕ್ಕಾರೆ," ಎಂದು ದನಿ ತಗ್ಗಿಸಿದಳು. "ಯಜಮಾನ್ರು ಹೋಗಿ ಎಷ್ಟು ತಿಂಗ್ಳಾತ್ರಿ?"

"ಅವರು ಚೆನ್ನಾಗಿದ್ದಾರಮ್ಮ. ಬಣ್ಣ ನಾನೇ ಬಿಟ್ಟೆ."

"ಯಾರೂ ಬಿಡು ಅನ್ದೇನೇ?"

ಹೂಂ ಎನ್ನಲು ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ಅವಳ ಉಗುರಿನ ಮೇಲೆ ಶಾಯಿ ಎಳೆದೆ. ಆಕೆ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು.

"ಈ ಕಪ್ಪಿಗಾದ್ರೆ ನಮ್ಮತ್ತೆ ಏನೂ ಅನ್ನಂಗಿಲ್ಲ ಬಿಡ್ರಿ," ಎಂದು ಮತ ಹಾಕಲು ಹೋದಳು.