ಎನಿಡ್ ಬರೆದ ತೊಂಬತ್ತೇಳು

ನಮ್ಮ ಬೀದಿಯ ಕೊನೆಯ ಮನೆಯ ಎನಿಡ್ ಪ್ರಾಸರ್ ಅವರಿಗೆ ಹೊಸ ವರ್ಷ ಹುಟ್ಟುವುದು ಏಪ್ರಿಲ್‌ನಲ್ಲಿ, ವೂಸ್ಟರ್‌ಷೈರ್ ತಂಡ ಮೈದಾನಕ್ಕಿಳಿದ ದಿನ. ಚಳಿಗಾಲದಲ್ಲಿ ಸೆವರ್ನ್ ನದಿ ಉಕ್ಕಿ, ಪಿಚ್ ಇದ್ದ ಕಡೆ ಹಂಸಗಳು ತೇಲುವಾಗ ಅವರು ಸೇತುವೆಯ ಮೇಲೆ ನಿಂತು ನೋಡುತ್ತಾರೆ. ನಾನು ಗಾಬರಿಯಾದರೆ, ನೀರು ಯಾವಾಗಲೂ ಇಳಿದಿದೆ, ಈ ಸಲವೂ ಇಳಿಯುತ್ತದೆ ಎಂದು ಸಮಾಧಾನ ಹೇಳುತ್ತಾರೆ.

ಕೈಗವಸು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಲಿದ ಕೈ ಅವರದು. ಗಂಡ ಲೆನ್‌ಗೆ ಕ್ರಿಕೆಟ್ ಎಂದರೆ ಆಗುತ್ತಿರಲಿಲ್ಲ. ಈಗ ಅವನ ಕೋಟುಗಳಿದ್ದ ಕಪಾಟಿನಲ್ಲಿ ಎನಿಡ್ ಅವರ ಸ್ಕೋರ್ ಪುಸ್ತಕಗಳಿವೆ. ಊರಿನಲ್ಲಿ ನಡೆದ ಪ್ರತಿ ಪಂದ್ಯದ ಪ್ರತಿ ಎಸೆತವನ್ನೂ ಐವತ್ತು ಚಿಲ್ಲರೆ ವರ್ಷದಿಂದ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಆ ವರ್ಷದ ಆಸೆಯನ್ನು ಬರೆದು, ಮೇಲೆ ಕಾಗದ ಅಂಟಿಸಿ, ಸೆಪ್ಟೆಂಬರ್‌ನಲ್ಲಿ ಕೊನೆಯ ಪಂದ್ಯ ಮುಗಿದ ಮೇಲೆ ಬಿಚ್ಚಿ ನೋಡುವುದು ಅವರ ರೂಢಿ. ದೊಡ್ಡ ಆಸೆಗಳೇನಲ್ಲ. ಕೆಳಗಿನ ವಿಭಾಗಕ್ಕೆ ಇಳಿಯದಿದ್ದರೆ ಸಾಕು ಎಂಬಂಥವು.

ಈ ಏಪ್ರಿಲ್‌ನಲ್ಲಿ ಅವರು ಬಂದು ನನ್ನನ್ನೂ ಕರೆದರು. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದಿದವಳು. ಅಲ್ಲಿನ ಬಸ್ಸಿನ ಗದ್ದಲದಲ್ಲಿ ಬರದ ಭಯ ಈಗ ಏಳು ತಿಂಗಳ ಮಗಳು ಹೆಟ್ಟಿ ಒಂದು ಸಲ ಸೀನಿದರೆ ಬರುತ್ತದೆ. ನದಿಯ ಗಾಳಿ, ಒದ್ದೆ ಹುಲ್ಲು, ಎಲ್ಲ ಲೆಕ್ಕ ಹಾಕಿದೆ.

"ಚೆಂಡು ಬಂದು ತಳ್ಳುಗಾಡಿಗೆ ಬಿದ್ರೆ?" ಎಂದು ಕೇಳಿದೆ.

"ನಮ್ಮವರು ಹೊಡೆದದ್ದು ಅಷ್ಟು ದೂರ ಬರಲ್ಲ ಕಣಮ್ಮ" ಅಂದರು ಎನಿಡ್.

ಹೆಟ್ಟಿಗೆ ಎರಡು ಟೋಪಿ ಹಾಕಿ ಕರೆದುಕೊಂಡು ಹೋದೆ. ಎನಿಡ್ ಅವರ ಪಕ್ಕದ ಕುರ್ಚಿ ಕ್ಲಿಫರ್ಡ್ ಎಂಬ ನಿವೃತ್ತ ಬಸ್ ಚಾಲಕನದು. ಆತ ಒಂದು ಎಸೆತಕ್ಕೂ ಬಾಯಿ ಮುಚ್ಚುವುದಿಲ್ಲ. ಅಗೋ ಆಫ್ ಸ್ಟಂಪಿನಾಚೆ ಬಿಟ್ಟ, ಅಗೋ ಒಂದು ರನ್ನಿಗೆ ಓಡಿದರು, ಮುದುಕಿಯರ ಹಾಗೆ ಓಡುತ್ತಾರೆ ಎಂದು ಗೊಣಗುತ್ತಲೇ ಇರುತ್ತಾನೆ. ಹೋದ ಬೇಸಿಗೆಯಿಂದ ಇವನ ವಟವಟ ಹೆಚ್ಚಾಗಿದೆ ಎಂದು ಎನಿಡ್ ದೂರಿದರು. ಆದರೂ ಪೆನ್ಸಿಲ್ ಓಡುತ್ತಿತ್ತು.

ನಾಲ್ಕು ದಿನದ ಪಂದ್ಯದ ಮೊದಲ ದಿನ, ನಮ್ಮವರ ಬ್ಯಾಟಿಂಗ್. ಹೊಸದಾಗಿ ಬಂದ ಎಡಗೈ ಆಟಗಾರ ಬೆಡೋಸ್ ಊಟದ ಹೊತ್ತಿಗೆ ಐವತ್ತು ದಾಟಿದ್ದ. ಹಾಳೆ ತಿರುಗಿಸುವಾಗ ಮೊದಲ ಪುಟ ನನ್ನ ಕಣ್ಣಿಗೆ ಬಿತ್ತು. ಖಾಲಿ ಇತ್ತು. ಯಾಕೆಂದು ಕೇಳಿದರೆ, ಈ ಸಲ ಏನು ಬರೆಯುವುದೆಂದೇ ತೋಚಿಲ್ಲ ಎಂದು ಮಾತು ತೇಲಿಸಿದರು.

ಮಧ್ಯಾಹ್ನ ಬೆಡೋಸ್ ತೊಂಬತ್ತು ತಲುಪಿದ. ಕ್ಲಿಫರ್ಡ್ ಥಟ್ಟನೆ ಎದ್ದ. ನಮ್ಮವನು ತೊಂಬತ್ತರಲ್ಲಿರುವಾಗ ಆತ ನೋಡಿದರೆ ವಿಕೆಟ್ ಬೀಳುತ್ತದಂತೆ. ಅದಕ್ಕೆ ನಲವತ್ತು ವರ್ಷದಿಂದಲೂ ಸ್ಟ್ಯಾಂಡಿನ ಹಿಂದೆ ಹೋಗಿ ಗೋಡೆ ನೋಡುತ್ತ ನಿಲ್ಲುತ್ತಾನೆ. ಹೋದ.

ನಮ್ಮ ಸುತ್ತ ಸದ್ದಿಲ್ಲವಾಯಿತು. ಬ್ಯಾಟಿನ ಸದ್ದು ಬಂದಾಗ ಎನಿಡ್ ತಲೆ ಓರೆ ಮಾಡಿ ಕೇಳಿಸಿಕೊಂಡು, ನಿಧಾನವಾಗಿ ಬರೆಯತೊಡಗಿದರು. ತೊಂಬತ್ತೇಳರಲ್ಲಿ ಚೆಂಡು ಅಂಚಿಗೆ ತಾಗಿ ಸ್ಲಿಪ್‌ನವನ ಕೈ ಸೇರಿತು. ಆಮೇಲೆ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಲ್ಲಿ ಮೂರು ರನ್ನಿಗೆ ಶತಕ ತಪ್ಪಿದವನಿಗೂ ಅಷ್ಟೇ ಮರ್ಯಾದೆ.

ಎನಿಡ್ ಕೂಡ ನಗುತ್ತ ಎದ್ದರು. ಕೂತು, ಬೆಡೋಸ್ ಹೆಸರಿನ ಮುಂದೆ ನಾಲ್ಕು ಎಂದು ಬರೆದು, ನೂರರ ಗುರುತಿಗೆ ಗೆರೆ ಎಳೆದರು. ಬೆಡೋಸ್ ತಲೆ ತಗ್ಗಿಸಿ ಪೆವಿಲಿಯನ್ ಮೆಟ್ಟಿಲು ಹತ್ತುತ್ತಿದ್ದ. ಹೊಸಬ ಬಂದು ಹೊಡೆದ ರನ್ನೂ ಬೆಡೋಸ್ ಸಾಲಿಗೇ ಸೇರಿತು.

ಟೀ ವಿರಾಮದಲ್ಲಿ ಸುತ್ತಲಿನವರೆಲ್ಲ ಬಂದು ಅವರ ಪುಸ್ತಕ ನೋಡುವುದು ಪದ್ಧತಿ. ಇನ್ನು ಎರಡು ಓವರ್ ಇತ್ತು. ಹೇಳಿದರೆ ನೋವು, ಬಿಟ್ಟರೆ ಎಲ್ಲರೆದುರು ನಾಚಿಕೆ. ಹೆಟ್ಟಿಯ ಕಂಬಳಿ ಸರಿಪಡಿಸುವವಳ ಹಾಗೆ ಬಗ್ಗಿದೆ.

"ಎನಿಡ್, ಅವನು ಔಟ್ ಆದ. ತೊಂಬತ್ತೇಳಕ್ಕೆ."

ಪೆನ್ಸಿಲ್ ನಿಂತಿತು. ಅವರು ಚೀಲದಿಂದ ರಬ್ಬರ್ ತೆಗೆದು ಅಳಿಸಿದರು. ಹೋದ ಆಗಸ್ಟಿನಿಂದ ಕಣ್ಣಿನ ನಡುವೆ ಮಂಜು ಕೂತಿದೆಯಂತೆ. ಹತ್ತಿರದ್ದು ಹೇಗೋ ಕಾಣುತ್ತದೆ, ಪಿಚ್ ಬರೀ ಹಸಿರು.

"ಪುಸ್ತಕ ಬಿಟ್ಟು ಇಲ್ಲಿ ಕೂತು ಏನ್ ಮಾಡ್ಲಿ? ಅದು ನಿಂತ ದಿನ ನಾನು ಬರೋದೂ ನಿಲ್ಲಿಸ್ತೀನಿ" ಅಂದರು. "ಸೆಪ್ಟೆಂಬರ್‌ನಲ್ಲಿ ಬಿಚ್ಚೋಕೆ ಇರ್ತೀನೋ ಇಲ್ವೋ ಅಂತಾನೇ ಆ ಪುಟ ಬರೀಲಿಲ್ಲ. ಕ್ಲಿಫರ್ಡ್‌ಗೆ ಹೇಳ್ಬೇಡ, ಆಡ್ಕೋತಾನೆ."

ಆ ಎರಡು ಓವರ್ ನಾನೇ ಹೇಳಿದೆ, ಅವರು ಬರೆದರು. ಯಾವುದು ಬೈ, ಯಾವುದು ಲೆಗ್ ಬೈ ನನಗೆ ತಿಳಿಯದು. ಅಂಪೈರ್ ಕೈ ಎತ್ತಿದರು, ತೊಡೆ ತಟ್ಟಿದರು ಎಂದಷ್ಟೇ ಹೇಳಿದೆ.

ಟೀಗೆ ಕ್ಲಿಫರ್ಡ್ ಮೂರು ಲೋಟ ಹಿಡಿದು ಬಂದ. ಮೊದಲು ಸ್ಕೋರ್‌ಬೋರ್ಡ್ ನೋಡಿದ, ಆಮೇಲೆ ಪುಸ್ತಕ.

"ತೊಂಬತ್ತೇಳು. ನಾನು ನೋಡ್ದೇ ಇದ್ರೂ ಬಿದ್ನಲ್ಲ ಪಾಪಿ" ಅಂದ. ಅಳಿಸಿದ ಗುರುತಿನ ಮೇಲೆ ಅವನ ಕಣ್ಣು ಸ್ವಲ್ಪ ನಿಂತದ್ದು ಕಂಡೆ.

ಎನಿಡ್ ಕೇಕ್ ತರಲು ಹೋದಾಗ ಆತ ನನ್ನ ಕಡೆ ವಾಲಿದ.

"ಆಗಸ್ಟ್‌ನಿಂದ ಅವಳಿಗೆ ಕೇಳ್ಲಿ ಅಂತ ಬಾಯಿ ಒಣಗೋ ಹಾಗೆ ವಟಗುಟ್ತಿದೀನಿ. ಅವಳಿಗೆ ಗೊತ್ತಾದ್ರೆ ಕುರ್ಚಿ ಬದಲಾಯಿಸ್ತಾಳೆ. ಆದ್ರೆ ತೊಂಬತ್ತರಲ್ಲಿ ಮಾತ್ರ ನನ್ ಕೈಲಾಗಲ್ಲಮ್ಮ. ಆಗ ನೀನಿರ್ತೀಯಾ?"

ನಾಳೆ ಎಂಟೇ ಡಿಗ್ರಿಯಂತೆ, ಮಗುವಿಗೆ ಮೂಗು ಕಟ್ಟಿದೆ ಎಂದೆ. ನಮ್ಮ ತಂಡದಲ್ಲಿ ತೊಂಬತ್ತು ಮುಟ್ಟುವವರು ತಿಂಗಳಿಗೊಬ್ಬ, ನಿನಗೇನೂ ಕಷ್ಟವಾಗದು ಎಂದ ಆತ.

ಎನಿಡ್ ಕಾಫಿ ಕೇಕಿನ ಮೂರು ತುಂಡು ತಂದರು. ಪುಸ್ತಕ ನೋಡಲು ಬಂದವರ ಪ್ರಶ್ನೆ ಮುಗಿದ ಮೇಲೆ, ಇವಳು ನಾಳೆಯೂ ಬರುತ್ತಾಳಂತೆ ಎಂದು ಕ್ಲಿಫರ್ಡ್ ನನ್ನನ್ನು ಕೇಳದೆಯೇ ಘೋಷಿಸಿದ. ಎನಿಡ್ ನನ್ನ ಮುಖದ ಕಡೆ ತಿರುಗಿದರು. ಬರುತ್ತೇನೆ ಎಂದೆ.

ಅವರು ಮೊದಲ ಪುಟ ತೆರೆದು, ಮೂಗು ತಾಗುವಷ್ಟು ಬಗ್ಗಿ, ಒಂದೂವರೆ ಸಾಲು ಬರೆದರು. ಅಂಟಿಸಲು ನನ್ನ ಕೈಗೆ ಕೊಟ್ಟರು. ಓದದೆ ಅಂಟಿಸಿದೆ. ಆಟ ಮತ್ತೆ ಶುರುವಾಯಿತು. ಕ್ಲಿಫರ್ಡ್ ಗೊಣಗತೊಡಗಿದ, ಎನಿಡ್ ಅವನನ್ನು ಬೈದು ಪೆನ್ಸಿಲ್ ಚೂಪು ಮಾಡಿಕೊಂಡರು. ನಾನು ಹೆಟ್ಟಿಯ ಒಂದು ಟೋಪಿ ತೆಗೆದೆ.