ಮೂಗಣ್ಣ ಮತ್ತು ಬಿಳಿ ಹೊಗೆಯ ಲಾರಿ

ಗ್ಯಾರೇಜಿನ ಮೂಗಣ್ಣನಿಗೆ ಆ ಹೆಸರಿಟ್ಟವನು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ. ಹೊಸ ಗಿರಾಕಿಗಳು ಹೆಸರು ಕೇಳಿ, ಪಾಪ, ಮಾತು ಬಾರದವನೆಂದು ತಿಳಿದು ಗಾಡಿಯ ತೊಂದರೆಯನ್ನು ಕೈಸನ್ನೆಯಲ್ಲಿ ವಿವರಿಸುತ್ತಿದ್ದರು. ಅದು ಮುಗಿಯುವವರೆಗೂ ಅವನು ಗಂಭೀರವಾಗಿ ನೋಡುತ್ತಿದ್ದ. ಆಮೇಲೆ ಬಾಯಿ ತೆರೆದನೆಂದರೆ ಮಧ್ಯಾಹ್ನದವರೆಗೆ ಮುಚ್ಚುತ್ತಿರಲಿಲ್ಲ.

ಹೆಸರು ಬಂದದ್ದು ಮೂಗಿನಿಂದ. ಹಳೆಯ ಲಾರಿ ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಹೊಗೆ ಉಗುಳಿದರೆ ಉಳಿದವರು ಬಣ್ಣ ನೋಡುತ್ತಿದ್ದರು. ಇವನು ಸೈಲೆನ್ಸರಿನ ಹಿಂದೆ ನಿಂತು, ಅಂಗೈಯಿಂದ ಹೊಗೆಯನ್ನು ಮುಖದ ಕಡೆ ಬೀಸಿಕೊಂಡು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆಯುತ್ತಿದ್ದ. "ಆಯಿಲ್ ಸುಡ್ತಾ ಇದೆ" ಎನ್ನುತ್ತಿದ್ದ. ಇಲ್ಲವೇ "ಡೀಸೆಲ್ ಅರ್ಧಂಬರ್ಧ ಉರೀತಿದೆ" ಎನ್ನುತ್ತಿದ್ದ. ಇಂಜಿನ್ ಬಿಚ್ಚಿದರೆ ಹಾಗೇ ಇರುತ್ತಿತ್ತು. ಲಾರಿಯವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದದ್ದು ಆ ಒಂದು ಉಸಿರಿಗಾಗಿ.

ಒಂದು ವರ್ಷ ಅವನಿಗೆ ಕೆಟ್ಟ ಜ್ವರ ಬಂತು. ಅದು ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸೋಪು, ಸೀಮೆಎಣ್ಣೆ, ಸುಟ್ಟ ರಬ್ಬರು, ಯಾವುದನ್ನು ಮೂಗಿಗೆ ಹಿಡಿದರೂ ಬರೀ ಗಾಳಿ. ಯಾರಿಗೂ ಹೇಳದೆ ವೈದ್ಯರ ಬಳಿ ಹೋದ. "ತಾನಾಗೇ ವಾಪಸ್ ಬರಬಹುದು, ಬರದೆಯೂ ಇರಬಹುದು" ಎಂದರು ಅವರು. ಬರುತ್ತದೆಂದು ಕಾಯುತ್ತಾ ಅವನು ಗ್ಯಾರೇಜಿನಲ್ಲಿ ಹಳೆಯ ಆಟವನ್ನೇ ಮುಂದುವರಿಸಿದ. ಅಂಗೈ ಬೀಸುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಬಾಯಿಗೆ ಬಂದದ್ದನ್ನು ಹೇಳುತ್ತಿದ್ದ. ಬಹಳ ವರ್ಷಗಳ ಅನುಭವ. ಊಹೆ ಹೆಚ್ಚಾಗಿ ಸರಿಹೋಗುತ್ತಿತ್ತು.

ಲಾರಿ ಅಕ್ಕನ ವಿಷಯದಲ್ಲಿ ಸರಿಹೋಗಲಿಲ್ಲ.

ಲಾರಿ ಅಕ್ಕ ಎಂದರೆ, ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಹೆಂಗಸು. ಮುದಿ ಲಾರಿಯನ್ನು ತಾನೇ ಓಡಿಸುತ್ತಿದ್ದಳು. ಆ ಲಾರಿ ಬೆಳಗಿನ ಹೊತ್ತು ಬಿಳಿ ಹೊಗೆ ಕಾರತೊಡಗಿತ್ತು.

"ಸ್ಟಾರ್ಟ್ ಮಾಡಿದ ತಕ್ಷಣ ಬೀದಿ ಪೂರ್ತಿ ಬಿಳಿ ಅಣ್ಣಾ. ಗಡಗಡ ನಡುಗುತ್ತೆ ಬೇರೆ. ಇಂಜಿನ್ ಬಿಸಿಯಾದ್ಮೇಲೆ ಏನೂ ಗೊತ್ತಿಲ್ಲದ ಹಾಗೆ ಓಡುತ್ತೆ. ಮೇಲಿನ ಮನೆಯವರು ದಿನಾ ಕಿಟಕಿ ದಢಾರಂತ ಹಾಕ್ತಾರೆ."

ಮೂಗಣ್ಣ ಹೊಗೆ ಬೀಸಿಕೊಂಡ. "ಉರಿಯದ ಡೀಸೆಲ್. ಇಂಜೆಕ್ಟರ್ ಸೋರ್ತಾ ಇದೆ" ಎಂದ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆ ಇಂಜೆಕ್ಟರ್‌ಗಳನ್ನು ಬಿಚ್ಚಿ ಶುಚಿ ಮಾಡಿಸಿ ಹಾಕಿದ. ಹೊಗೆ ನಿಲ್ಲಲಿಲ್ಲ. ಡೀಸೆಲ್ ಪಂಪಿನ ಟೈಮಿಂಗ್ ಸರಿಮಾಡಿದ. ಆಗಲೂ ನಿಲ್ಲಲಿಲ್ಲ. ಕೊನೆಗೆ ಲಾರಿ ಬಂದದ್ದು ಇನ್ನೊಂದು ಲಾರಿಯ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಏರು ಹತ್ತುವಾಗ ಇಂಜಿನ್ ಕಾದು ನಿಂತುಬಿಟ್ಟಿತ್ತು. ಯಾರದೋ ಮನೆಯ ಬೀರು, ಹಾಸಿಗೆ, ಮಗುವಿನ ತೊಟ್ಟಿಲು ಬಿಸಿಲಲ್ಲಿ ರಸ್ತೆ ಬದಿ ಕಾದಿದ್ದವು.

ಅವಳು ಜಗಳ ಮಾಡಲಿಲ್ಲ. "ಬೇರೆಯವರ ಹತ್ತಿರ ತೋರಿಸು ಅಂತ ಎಲ್ಲರೂ ಹೇಳ್ತಾರೆ ಅಣ್ಣಾ. ನಾನು ಎಲ್ಲೂ ಹೋಗಿಲ್ಲ" ಎಂದಷ್ಟೇ ಹೇಳಿ, ರೇಡಿಯೇಟರಿಗೆ ಇಂಜಿನ್ ತಣ್ಣಗಿಡುವ ಕೂಲಂಟ್ ತುಂಬಿಸಿ ಗಾಡಿ ಅಲ್ಲೇ ಬಿಟ್ಟುಹೋದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಮೂಗಣ್ಣನಿಗೆ.

ಅಂದು ಸಂಜೆ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿತ್ತು. ಅದು ಥಟ್ಟನೆ ನಿಂತಿತು. ಅವಳು ಓಡಿ ಬಂದು ಒಲೆ ಆರಿಸಿದಳು.

"ರೀ, ಹಾಲು ಸೀದು ಕರಕಲಾಗಿದೆ! ಮೂಗಿನ ಕೆಳಗೇ ಇತ್ತಲ್ಲ, ನಿಮಗೆ..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿ ಮಸಿಬಟ್ಟೆ ಹಿಡಿದು ಅವನ ಮುಖವನ್ನೇ ನೋಡಿದಳು.

"ಯಾವಾಗಿಂದ?"

"ಜ್ವರ ಬಂದಾಗಿಂದ."

"ನನಗೂ ಹೇಳಲಿಲ್ಲ."

"ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು ಕಣೇ."

ಅವಳು ಪಾತ್ರೆಯನ್ನು ನೀರಿಗೆ ಹಾಕಿದಳು. ಬಹಳ ಹೊತ್ತು ಬೆನ್ನು ತೋರಿಸಿಕೊಂಡೇ ಉಜ್ಜಿದಳು. ಆಮೇಲೆ, "ಹಾಗಾದ್ರೆ ಇಷ್ಟು ದಿನ ನಿಮ್ಮ ಬನಿಯನ್ ವಾಸನೆ ಕುಡಿದವಳು ನಾನೊಬ್ಬಳೇ" ಎಂದಳು. ಮೂಗಣ್ಣನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಲಾರಿಯ ವಿಷಯವನ್ನೆಲ್ಲ ಹೇಳಿದ.

"ಬೆಳಿಗ್ಗೆ ನಾನೂ ಬರ್ತೀನಿ" ಎಂದಳು.

ಬೆಳಿಗ್ಗೆ ತಣ್ಣಗಿದ್ದ ಇಂಜಿನ್ನನ್ನು ಅವನು ಸ್ಟಾರ್ಟ್ ಮಾಡಿದ. ಶೆಡ್ಡಿನ ತಗಡಿನವರೆಗೂ ಬಿಳಿ ಹೊಗೆ ತುಂಬಿತು. ಅವಳು ಅದರೊಳಗೆ ನಿಂತು ಮೂಗು ಅರಳಿಸಿದಳು.

"ಘಾಟು ಹೊಡೀತಿದೆಯಾ? ಡೀಸೆಲ್ ಹಾಗೆ?"

"ಇಲ್ಲ ರೀ. ಒಂಥರಾ ಸಿಹಿ. ಸಕ್ಕರೆ ಕಾಯಿಸುವಾಗ ಬರುತ್ತಲ್ಲ, ಹಾಗೆ."

ಮೂಗಣ್ಣ ಹಣೆ ಚಚ್ಚಿಕೊಂಡ. ಸಿಹಿ ಎಂದರೆ ಕೂಲಂಟ್. ಅದು ಇಂಜಿನ್ನಿನ ಒಳಗೆ ಸುಟ್ಟು ಆವಿಯಾಗಿ ಬರುತ್ತಿದೆ. ಇನ್ನೊಂದೂ ಹೊಳೆಯಿತು: ಉರಿಯದ ಡೀಸೆಲ್ಲಿನ ಹೊಗೆಯಾಗಿದ್ದರೆ ಕಣ್ಣು ಚುರುಗುಟ್ಟಿ ನೀರು ಸುರಿಯಬೇಕಿತ್ತು. ಅಷ್ಟು ಸಲ ಆ ಹೊಗೆಯಲ್ಲಿ ನಿಂತರೂ ಒಂದು ಹನಿ ಬಂದಿರಲಿಲ್ಲ. ಇಲ್ಲದ ಮೂಗನ್ನು ಇದೆಯೆಂದು ತೋರಿಸುವ ಗಡಿಬಿಡಿಯಲ್ಲಿ ಇರುವ ಕಣ್ಣನ್ನು ಮರೆತಿದ್ದ.

ಇಂಜಿನ್ ಆರಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಮತ್ತೆ ಓಡಿಸಿದ. ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗಿ ಒಳಗೆ ಗುಳ್ಳೆಗಳು ಬುಳುಬುಳು ಎದ್ದವು. ಅನುಮಾನ ಉಳಿಯಲಿಲ್ಲ. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿದ. ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಒಂದು ಕಡೆ ಸುಟ್ಟು ಹರಿದಿತ್ತು. ಉಳಿದ ಪಿಸ್ಟನ್‌ಗಳ ತಲೆಯೆಲ್ಲ ಮಸಿ. ಹರಿದ ಜಾಗದ ಪಕ್ಕದ್ದು ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಗಾಡಿ ನಿಂತಿದ್ದಾಗ ಕೂಲಂಟ್ ಅಲ್ಲಿಂದ ಹನಿಹನಿಯಾಗಿ ಸಿಲಿಂಡರಿಗೆ ಇಳಿಯುತ್ತಿತ್ತು. ಬೆಳಗಿನ ಮೊದಲ ಬಿಸಿಗೆ ಹೊಗೆಯಾಗಿ ಹೊರಗೆ ಬರುತ್ತಿತ್ತು. ಬಿಸಿಗೆ ಲೋಹ ಹಿಗ್ಗಿದ ಮೇಲೆ ಸಂದು ಬಿಗಿಯುತ್ತಿದ್ದುದರಿಂದ ಹೊಗೆ ಕಾಣುತ್ತಿರಲಿಲ್ಲ.

ಕಾವಿಗೆ ಸೊಟ್ಟಗಾಗಿದ್ದ ಹೆಡ್ಡನ್ನು ಲೇತಿನವನ ಬಳಿ ಸಮ ಮಾಡಿಸಿ ತಂದ. ಹೊಸ ಗ್ಯಾಸ್ಕೆಟ್ ಕೂರಿಸಿ, ನಡುವಿನಿಂದ ಅಂಚಿಗೆ ಒಂದೊಂದೇ ಬೋಲ್ಟ್ ಬಿಗಿಸಿದ. ಹೋದದ್ದು ಮೂಗು, ಕೈಗೆ ಏನೂ ಆಗಿರಲಿಲ್ಲ. ಅದು ತನ್ನ ಕೆಲಸ ತಾನು ಮಾಡಿತು.

ಲಾರಿ ಅಕ್ಕ ಬಂದಾಗ ಅವನು ಸುತ್ತಿಬಳಸಲಿಲ್ಲ. "ತಂಗೀ, ನಿನ್ನ ಇಂಜೆಕ್ಟರ್ ಸರಿಯಾಗೇ ಇತ್ತು. ತಪ್ಪು ನನ್ನದು. ನನಗೆ ವಾಸನೆ ಗೊತ್ತಾಗಲ್ಲ, ಹೇಳೋಕೆ ನಾಚಿಕೆ ಆಯ್ತು."

"ಸಿಹಿ ವಾಸನೆ ಅಂತ ನಮ್ಮ ಬೀದೀಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತಲ್ಲ ಅಣ್ಣಾ. ಕೇಳಿದ್ರೆ ನಾನೇ ಹೇಳ್ತಿದ್ದೆ. ನೀವು ಕೇಳಲೇ ಇಲ್ಲ."

ಆ ಮಾತು ಅವನಿಗೆ ಸರಿಯಾಗಿ ನಾಟಿತು. ಅಷ್ಟು ವರ್ಷ ಮಾತಾಡಿದವನು ಅವನೇ. ಗಿರಾಕಿಗಳನ್ನು ಕೇಳಿದ್ದು ಕಡಿಮೆ. ಅಂದಿನಿಂದ ಯಾರೇ ಬಂದರೂ ಮೊದಲು ಅವರನ್ನೇ ಹೊಗೆಯ ಹಿಂದೆ ನಿಲ್ಲಿಸಿ, "ಹೇಗಿದೆ, ಹೇಳಿ" ಎನ್ನುತ್ತಾನೆ. ಒಬ್ಬ "ಹಳೇ ಚಪ್ಪಲಿ" ಎನ್ನುತ್ತಾನೆ. ಇನ್ನೊಬ್ಬ "ನಮ್ಮತ್ತೆಯ ಮಂಡಿನೋವಿನ ಎಣ್ಣೆ" ಎನ್ನುತ್ತಾನೆ. ಅತ್ತೆಯ ಎಣ್ಣೆ ಎಂದರೆ ಇಂಜಿನ್ನಿನಲ್ಲಿ ಏನು ಕೆಟ್ಟಿರಬಹುದು ಎಂದು ಮೂಗಣ್ಣ ತಲೆ ಕೆರೆದುಕೊಳ್ಳುತ್ತಾನೆ, ಕಣ್ಣು ಉರಿಯಿತೇ ಎಂದು ಕೇಳುತ್ತಾನೆ, ರೇಡಿಯೇಟರಿನ ಮುಚ್ಚಳ ತೆಗೆದು ನೋಡುತ್ತಾನೆ. ನಿಜ ತಿಳಿದು ಕೆಲವರು ಬರುವುದು ಬಿಟ್ಟರು. ಹೆಚ್ಚಿನವರು ಬಿಡಲಿಲ್ಲ. ವಾಸನೆ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಹೊಲಿದ ಬಟ್ಟೆ ಕೊಡಲು ಹೋಗುವ ದಾರಿಯಲ್ಲಿ ಹೆಂಡತಿ ಆಗಾಗ ಗ್ಯಾರೇಜಿಗೆ ಬಂದು, ಯಾವ ಲಾರಿ ಹೇಗೆ ನಾರುತ್ತಿದೆಯೆಂದು ಹೇಳಿ ಹೋಗುತ್ತಾಳೆ.