ಕೊನೆಯ ಬಚ್ಚಲಿನ ನೀರು

ಅವರ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಬಹಳ ಹೊತ್ತು ನೀರಿನಲ್ಲಿ ಆಡಿ ಬಂದ ಮಕ್ಕಳ ಬೆರಳುಗಳು ಇರುತ್ತವಲ್ಲ, ಹಾಗೆ ಬಿಳಿಚಿಕೊಂಡು, ಗೆರೆಗೆರೆಯಾಗಿ. ಬೇಸಿಗೆಯ ಮಟಮಟ ಮಧ್ಯಾಹ್ನ, ನೀರು ಮುಟ್ಟದೆ ಗಂಟೆಗಟ್ಟಲೆ ಜಗಲಿಯಲ್ಲಿ ಕೂತಿದ್ದಾಗಲೂ ಹಾಗೆಯೇ. ಮೊದಲ ಸಲ ಅವರು ನನಗೆ ಕಾಫಿ ಲೋಟ ಕೊಟ್ಟಾಗ ಬೆರಳು ತಾಗಿ ಬೆಚ್ಚಿಬಿದ್ದಿದ್ದೆ. ಲೋಟ ಸುಡುತ್ತಿತ್ತು. ಬೆರಳು ಆಗಷ್ಟೇ ನದಿಯಿಂದ ಎತ್ತಿದ ಕಲ್ಲಿನಂತೆ ತಣ್ಣಗಿತ್ತು.

ಕಾವೇರಿಯ ಪಶ್ಚಿಮವಾಹಿನಿಗೆ ಬೂದಿ ಬಿಡಲು ಬರುವವರು ಇಳಿದುಕೊಳ್ಳುವ ಹಳೆಯ ಛತ್ರವೊಂದನ್ನು ಅವರು ನೋಡಿಕೊಳ್ಳುತ್ತಿದ್ದರು. ಬಾಗಿಲ ಪಕ್ಕದ ಕೋಣೆಯೇ ಅವರ ಮನೆ. ಊರು ಸಂತೆಬಾಚಹಳ್ಳಿಯ ಕಡೆ ಎಂದು ಕೇಳಿದ್ದೆ, ಆದರೆ ಅವರು ಆ ಕಡೆಗೆ ಹೋಗಿದ್ದನ್ನು ಯಾರೂ ಕಂಡಿರಲಿಲ್ಲ. ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಎಲ್ಲರಿಗೂ ಅವರು ಛತ್ರದ ತಾತ, ನನಗೂ ಅಷ್ಟೆ.

ನನ್ನದು ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟು, ಪೇಟೆಯವರ ಮಿಕ್ಸಿ, ಫ್ಯಾನು, ಎಲ್ಲವೂ ನನ್ನ ಬೆಂಚಿನ ಮೇಲೆ ಬಂದು ಬೀಳುತ್ತಿದ್ದವು. ತಂತಿ ಕಡಿದರೆ ಕರೆಂಟು ನಿಲ್ಲುತ್ತದೆ, ಬೆಸೆದರೆ ಬರುತ್ತದೆ. ನಡುವೆ ದೆವ್ವಕ್ಕೆ ಜಾಗವಿಲ್ಲ ಎಂದು ನಂಬಿದವನು ನಾನು. ಈಗಲೂ ಬಹುಮಟ್ಟಿಗೆ ಹಾಗೆಯೇ ನಂಬುತ್ತೇನೆ. ಆ ಛತ್ರದ ಮಾತು ಬಂದಾಗ ಮಾತ್ರ ಸುಮ್ಮನಾಗುತ್ತೇನೆ.

ತೊಂಬತ್ತರ ದಶಕದ ನಡುವೆ ಛತ್ರದ ಕಮಿಟಿಯವರು ಸೌದೆ ಒಲೆ ತೆಗೆಸಿ ಕರೆಂಟಿನ ಬಾಯ್ಲರು ಹಾಕಿಸಿದರು. ಹೇಳಿ ಮಾಡಿಸಿದ ದೊಡ್ಡ ತಾಮ್ರದ ಬಾಯ್ಲರು. ಅದನ್ನು ಸಾಲು ಬಚ್ಚಲುಗಳ ಮೇಲಿನ ಅಟ್ಟದಲ್ಲಿ ಕೂರಿಸಿ, ಚಾವಣಿಯ ಡ್ರಮ್ಮಿನಿಂದ ಅದಕ್ಕೆ ನೀರು ಬರುವಂತೆ ಮಾಡಿದ್ದರು. ಹೊಳೆಯಲ್ಲಿ ಮುಳುಗಿ ನಡುಗುತ್ತ ಬರುವ ಮುದುಕರಿಗೆ, ಮಕ್ಕಳಿಗೆ ಬಿಸಿನೀರು ಸಿಗಲಿ ಎಂಬುದು ಉದ್ದೇಶ.

ಬಾಯ್ಲರು ಬಂದ ಮೇಲೆ ತಾತನ ಒಂದು ಚಾಳಿ ಎಲ್ಲರ ಕಣ್ಣಿಗೆ ಬಿತ್ತು. ಬೂದಿ ಮಡಕೆ ಹಿಡಿದು ಬಂದವರನ್ನು ಊರು, ಕೇರಿ ಯಾವುದೂ ಕೇಳುತ್ತಿರಲಿಲ್ಲ. ಮಡಕೆಯ ಕಡೆ ಗಲ್ಲ ಎತ್ತಿ, "ಇವ್ರಿಗೆ ನೀರು ಯಂಗಿದ್ರೆ ಆಯ್ತಿತ್ತು? ಸುಡೋದೋ, ಉಗುರು ಬೆಚ್ಚಗೋ?" ಎನ್ನುತ್ತಿದ್ದರು. ಕೇಳಿದವರು ಮೊದಲು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾಗಮಂಗಲದ ಕಡೆಯ ಒಬ್ಬ ಗಟ್ಟಿ ಆಳು, ಅಲ್ಲಿಯವರೆಗೂ ಒಂದು ಹನಿ ಕಣ್ಣೀರು ಹಾಕದವನು, "ನಮ್ಮಪ್ಪಂಗೆ ಸುಡೋ ನೀರೇ ಆಗ್ಬೇಕಿತ್ತು. ಬೆನ್ನು ಕೆಂಪಗಾಗೋಗಂಟ ಉಯ್ಯಿಸ್ಕೊಳೋನು" ಎಂದು ಹೇಳಹೇಳುತ್ತಲೇ ಬಿಕ್ಕಿದ್ದನ್ನು ನಾನೇ ನೋಡಿದ್ದೇನೆ. ತಾತ ಸಮಾಧಾನ ಮಾಡಲಿಲ್ಲ. ತಲೆಯಾಡಿಸಿ ಅಟ್ಟದ ಏಣಿ ಹತ್ತಿ ಬಾಯ್ಲರಿನ ತಿರುಪು ಸ್ವಲ್ಪ ಹೆಚ್ಚಿಸಿ ಬಂದರು.

ಬಾಯ್ಲರು ಮಾತ್ರ ಒಂದೇ ಸಮನೆ ಕೆಡತೊಡಗಿತು. ಪ್ರತಿ ಸಲವೂ ಒಳಗೆ ನೀರು ಕಾಯಿಸುವ ಕಾಯಿಲ್ ಸುಟ್ಟಿರುತ್ತಿತ್ತು. ಮೊದಲು ವೋಲ್ಟೇಜಿನ ಮೇಲೆ ತಪ್ಪು ಹಾಕಿದೆ. ಆಮೇಲೆ ನಮ್ಮ ಕಡೆಯ ಗಡಸು ನೀರಿನ ಮೇಲೆ. ಸುಣ್ಣ ಕಟ್ಟಿ ಕಾಯಿಲ್ ಒಡೆಯುವುದು ಹೊಸದೇನಲ್ಲ. ಬಿಸಿ ಏರಿದ ಮೇಲೆ ಕರೆಂಟು ಕಡಿಯುವ ಥರ್ಮೋಸ್ಟಾಟನ್ನೂ ಬದಲಿಸಿದೆ. ವೈರು ಹೊಸದು ಎಳೆದೆ. ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹಾಕಿದೆ. ಸ್ವಲ್ಪ ದಿನ ಸರಿಯಾಗಿರುತ್ತಿತ್ತು, ಮತ್ತೆ ಕರೆ ಬರುತ್ತಿತ್ತು. ನನ್ನ ಕೆಲಸದ ಮೇಲೆ ನನಗೇ ಅನುಮಾನ ಹುಟ್ಟುವ ಮಟ್ಟಕ್ಕೆ ಬಂದಿತು.

ಒಂದು ದಿನ ಸುಟ್ಟ ಕಾಯಿಲನ್ನು ಬಿಸಿಲಿಗೆ ಹಿಡಿದು ನೋಡಿದಾಗ ವಿಷಯ ಹೊಳೆಯಿತು. ಅದರ ಮೈ ನೀಲಿಗಪ್ಪಾಗಿತ್ತು. ನೀರಿನೊಳಗೆ ಸುಟ್ಟ ಕಾಯಿಲಿಗೆ ಆ ಬಣ್ಣ ಬರುವುದಿಲ್ಲ. ಬಾಯ್ಲರು ಬರಿದಾಗಿ, ಬಿಸಿ ಹೀರಲು ನೀರೇ ಇಲ್ಲದೆ ಉರಿದ ಕಾಯಿಲ್ ಅದು. ಅಂದರೆ ಯಾರೋ ಡ್ರಮ್ಮು, ಬಾಯ್ಲರು ಎರಡೂ ಖಾಲಿಯಾಗುವವರೆಗೂ ನಲ್ಲಿ ಬಿಟ್ಟಿದ್ದಾರೆ. ಅಷ್ಟು ನೀರು ಮೀಯುವಷ್ಟು ಜನ ಆ ದಿನಗಳಲ್ಲಿ ಛತ್ರಕ್ಕೆ ಬಂದೇ ಇರಲಿಲ್ಲ.

ಕಮಿಟಿಯ ಸೆಕ್ರೆಟರಿಯವರು ಮೈಸೂರಿನಿಂದ ಬಂದು ಹೋಗುತ್ತಿದ್ದ ಶಿಸ್ತಿನ ಮನುಷ್ಯ. ನನ್ನನ್ನು ಬದಿಗೆ ಕರೆದು ಮೆತ್ತಗೆ ಹೇಳಿದರು: "ನೋಡಿ, ಇದು ಕೆಡೋದೆಲ್ಲಾ ಅಮಾವಾಸ್ಯೆ ದಿನಾನೇ ಅಂತ ಅಡುಗೆಯವರು ಹೆದರಿಕೊಂಡಿದ್ದಾರೆ. ಇನ್ನೊಂದು ಸಲ ಸುಟ್ಟರೆ ಬಾಯ್ಲರು ಕಿತ್ತು ಮಾರಿಬಿಡ್ತೀವಿ. ತಾತನಿಗೂ ವಯಸ್ಸಾಯಿತು, ಊರಿಗೆ ಕಳಿಸೋಣ." ತಾತ ಕಂಬದ ಮರೆಯಲ್ಲಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹೋಗಲು ಊರಿಲ್ಲದ ಮನುಷ್ಯನ ಹೆದರಿಕೆ ಅದು ಎಂದುಕೊಂಡೆ. ಅದಕ್ಕಿಂತ ದೊಡ್ಡ ಹೆದರಿಕೆ ಒಂದಿತ್ತು ಎಂದು ಆಮೇಲೆ ತಿಳಿಯಿತು.

ಮುಂದಿನ ಅಮಾವಾಸ್ಯೆಯ ದಿನ ಅಂಗಡಿಗೆ ಬೀಗ ಹಾಕಿ ಛತ್ರಕ್ಕೆ ಹೋಗಿ ಕೂತೆ. ಬೆಳಿಗ್ಗೆ ಅಕ್ಕಿಹೆಬ್ಬಾಳಿನಿಂದ ಒಂದು ಕುಟುಂಬ ಬಂದು, ತಮ್ಮ ಮನೆಯ ಹಿರಿಯರ ಬೂದಿ ಬಿಟ್ಟು, ಮಿಂದು, ಉಂಡು, ವ್ಯಾನು ಹತ್ತಿ ಹೊರಟಿತು. ಛತ್ರ ಖಾಲಿಯಾಯಿತು. ತಾತ ಒಗೆದ ಟವೆಲೊಂದನ್ನು ಹೆಗಲಿಗೆ ಹಾಕಿಕೊಂಡು ಕೊನೆಯ ಬಚ್ಚಲಿಗೆ ಹೋದರು. ಅಲ್ಲಿ ಷವರಿನ ತಲೆ ಕಿತ್ತುಹೋಗಿ, ಆಳೆತ್ತರದಲ್ಲಿ ಬರೀ ಕೊಳವೆ ಉಳಿದಿತ್ತು. ಟವೆಲನ್ನು ಗೂಟಕ್ಕೆ ನೇತುಹಾಕಿ, ನಲ್ಲಿ ತಿರುಗಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಬೆನ್ನು ತಿರುಗಿಸಿ ನಿಂತರು.

"ಯಾರಿಗೆ ತಾತ ನೀರು ಬುಟ್ಟಿರೋದು?"

"ಅವ್ರು ಕರ್ಕೊಂಡ್ ಬಂದಿದ್ರಲ್ಲಾ, ಅವ್ರಿಗೆ. ಮನೇವ್ರೆಲ್ಲಾ ಬೆಚ್ಚಗೆ ಉಯ್ಕೊಂಡು ಒಂಟೋದ್ರು. ಅವ್ರು ಅಷ್ಟು ದೂರದಿಂದ ಬಂದು ತಣ್ಣೀರಲ್ಲಿ ಓಗ್ಬೇಕಾ?"

ನನಗೆ ನಗು ಬಂತು. ಕಾಯಿಲ್ ಸುಡುತ್ತಿರುವುದು ಈ ಮುದುಕನ ಹುಚ್ಚಿನಿಂದ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಬೆರಳೆತ್ತಿದರು. "ಸದ್ದು ಕೇಳ್ಲಾ ಮಗಾ."

ಕೇಳಿಸಿಕೊಂಡೆ. ಎತ್ತರದಿಂದ ನೀರು ಚಪ್ಪಡಿಯ ಮೇಲೆ ಬೀಳುತ್ತಿತ್ತು. ಪಟಪಟ ಎನ್ನುವ ಬೋಳು ಸದ್ದು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಆ ಸದ್ದು ಮೆತ್ತಗಾಯಿತು. ನೀರಿಗೂ ಕಲ್ಲಿಗೂ ನಡುವೆ ಏನೋ ಬಂದು ನಿಂತ ಹಾಗೆ. ತಲೆಯ ಮೇಲೆ, ಹೆಗಲ ಮೇಲೆ ಬಿದ್ದ ನೀರು ಮೈಯಿಂದ ಇಳಿದು ನೆಲ ಸೇರುವಾಗ ಹೇಗೆ ಕೇಳಿಸುತ್ತದೆ ಎಂಬುದು, ಮನೆಯಲ್ಲಿ ಬಚ್ಚಲ ಹೊರಗೆ ಸರದಿ ಕಾದು ನಿಂತ ಯಾರಿಗೂ ಗೊತ್ತಿರುತ್ತದೆ. ಬಾಗಿಲಿಗೆ ಚಿಲಕವಿರಲಿಲ್ಲ, ತಳ್ಳಿದರೆ ತೆರೆಯುತ್ತಿತ್ತು. ನನ್ನ ಕೈ ಏಳಲಿಲ್ಲ.

ಒಂದಷ್ಟು ಹೊತ್ತಿಗೆ ಮತ್ತೆ ಪಟಪಟ ಸದ್ದು ಕೇಳಿತು. "ಸಾಕಂತೆ" ಎಂದು ತಾತ ಒಳಗೆ ಹೋಗಿ ನಲ್ಲಿ ನಿಲ್ಲಿಸಿದರು. ಹೀಗೆ ಬಿಟ್ಟ ನೀರಿನಿಂದ ಬಾಯ್ಲರು ಬರಿದಾಗುವಂತಿರಲಿಲ್ಲ, ಅದು ನನಗೂ ಗೊತ್ತಾಯಿತು.

ಆದರೆ ಅಂದಿನ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ. ತಾತ ಮೋಟಾರು ಹಾಕಿ ಡ್ರಮ್ಮು ತುಂಬಿಸಿದರು, ನೀರು ಕಾಯಲು ಬಿಟ್ಟರು. ಪೆಟ್ಟಿಗೆಯಿಂದ ಒಂದು ಹೊಸ ಟವೆಲು ತೆಗೆದು, ಚಿಕ್ಕ ಅರಿಸಿನದ ಬಟ್ಟಲಿನ ಜೊತೆ ಅದೇ ಬಚ್ಚಲಲ್ಲಿ ಇಟ್ಟು, ನಲ್ಲಿ ತಿರುಗಿಸಿ ಹೊರಗೆ ಬಂದರು. ಈ ಸಲ ನಿಲ್ಲಲಿಲ್ಲ, ನೆಲದ ಮೇಲೆ ಕೂತರು. ಬೋಳು ಕಲ್ಲಿನ ಸದ್ದು ಕೇಳುತ್ತಲೇ ಇತ್ತು. ಬದಲಾಗಲಿಲ್ಲ. ಅವರು ಕಣ್ಣು ಮುಚ್ಚಿ, ಆ ಸುಕ್ಕುಬೆರಳುಗಳನ್ನು ಮೊಣಕಾಲಿನ ಮೇಲೆ ಹೆಣೆದುಕೊಂಡು ಕಾದರು. ಡ್ರಮ್ಮು ಬರಿದಾಯಿತು, ಧಾರೆ ಸಣ್ಣಗಾಯಿತು, ತೊಟ್ಟಿಕ್ಕತೊಡಗಿತು. ನಾನು ಎದ್ದು ಓಡಿಹೋಗಿ ಬಾಯ್ಲರಿನ ಸ್ವಿಚ್ಚು ಆರಿಸಿದೆ.

"ಇವತ್ತೂ ಬರ್ನಿಲ್ಲ" ಎಂದರು ತಾತ.

ಜಗಲಿಯಲ್ಲಿ ಕೂತು ಅವರು ಹೇಳಿದ್ದು ತಮ್ಮ ಹೆಂಡತಿಯ ವಿಷಯ. ದೊಡ್ಡ ಕುಟುಂಬ, ಒಂದೇ ಹಂಡೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ಅತ್ತೆಯರು. ಆಕೆಯ ಸರದಿ ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು. "ಒಂದಿನಾನೂವೆ ಬಿಸ್ನೀರು ಉಯ್ಕೊಂಡೋಳಲ್ಲ ಕಣ್ ಮಗಾ. ನಾನು ಉಯ್ಕೊಳ್ಳೋಗಂಟ ಬಚ್ಲಿಗೆ ಕಾಲಿಕ್ತಿರ್ನಿಲ್ಲ. ಪುಷ್ಯದ ಚಳೀಲಿ ಜ್ವರ ಬಂದು ಮಲಗಿದ್ಲು. ವಸಿ ಬಿಸ್ನೀರು ಉಯ್ಯಿ ಅಂದ್ಲು. ಜ್ವರದಲ್ಲಿ ಬ್ಯಾಡ, ವಾಸಿ ಆಗ್ಲಿ ಅಂದೆ. ಅಮಾವಾಸ್ಯೆ ದಿನ ಓದ್ಲು. ಬೂದಿನ ಇಲ್ಗೇ ತಂದೆ. ಹೊಳೆ ನೀರು ಕೊರೀತಿತ್ತು. ಆ ನೀರ್ಗೆ ಅವಳನ್ನ ಬುಟ್ಟೆ."

ಅಂದು ಬಂದವರು ಮತ್ತೆ ಊರಿಗೆ ಹೋಗಲಿಲ್ಲ. ಆಕೆಗೆ ಸಿಗದ ಬಿಸಿನೀರು ತನಗೂ ಬೇಡವೆಂದು ಅವತ್ತಿನಿಂದ ಹೊಳೆಯಲ್ಲೇ ಮುಳುಗಿ ಬರುತ್ತಿದ್ದರು. ಸತ್ತವರೆಲ್ಲ ಬಂದು ಮಿಂದು ಹೋಗುತ್ತಿದ್ದ ಆ ಬಚ್ಚಲಿಗೆ ಆಕೆಯೊಬ್ಬಳು ಬಂದಿರಲಿಲ್ಲ.

ನಾನು ತಡೆಯಲಾರದೆ ಹೇಳಿದೆ. "ತಾತ, ನೀನು ಮೊದ್ಲು ಉಯ್ಕೊಳ್ಳದೆ ಅಜ್ಜಿ ಯಂಗೆ ಬತ್ತದೆ? ನೀನೇ ಅಂದ್ಯಲ್ಲ, ನಿನ್ಗಿಂತ ಮುಂಚೆ ಬಚ್ಲಿಗೆ ಓಯ್ತಿರ್ನಿಲ್ಲ ಅಂತ. ಇವತ್ತು ಒಂದು ಚೆಂಬು ಬಿಸ್ನೀರು ಉಯ್ಕೊಂಬುಡು."

ಅವರು ಹೊಳೆಯ ಕಡೆ ತಿರುಗಿದರು. "ಗೊತ್ತು ಕಣ್ಲಾ. ಯಾವತ್ತೋ ಗೊತ್ತಾಯ್ತು. ಅಂಗಂತ ಈಗ್ಲೂ ನಾನೇ ಮುಂದಾಗ್ಲಾ? ಬದುಕಿದ್ದಾಗ ಮಾಡಿದ್ದು ಸಾಲ್ದಾ?"

ಆಕೆ ಇವರಿಗಾಗಿ ಕಾಯುತ್ತಿದ್ದಾಳೆ, ಇವರು ಆಕೆಗಾಗಿ. ಈ ಗಂಟು ಬಿಡಿಸಲು ನನ್ನ ಹತ್ತಿರ ಸ್ಪ್ಯಾನರು ಇರಲಿಲ್ಲ. ಬಾಯ್ಲರನ್ನು ಉಳಿಸುವುದಷ್ಟೇ ನನ್ನ ಕೈಲಾಗುತ್ತಿತ್ತು. ಅದನ್ನು ಕಿತ್ತರೆ ತಾತನ ಕಾಯುವಿಕೆಯೂ ಅಲ್ಲಿಗೆ ಮುಗಿಯುತ್ತಿತ್ತು, ಅವರು ಹೆದರಿದ್ದೂ ಅದಕ್ಕೇ. ಮರುದಿನ ಬಾಯ್ಲರು ಬಿಚ್ಚಿ, ತಳದಿಂದ ಹೊರಡುತ್ತಿದ್ದ ಕೊಳವೆಯ ಬಾಯನ್ನು ಒಳಗೇ ಎತ್ತರಿಸಿ ಕಾಯಿಲಿಗಿಂತ ಮೇಲೆ ಬರುವಂತೆ ಬೆಸೆದೆ. ಇನ್ನು ನಲ್ಲಿ ಎಷ್ಟು ಹೊತ್ತು ಬಿಟ್ಟರೂ ಕಾಯಿಲಿನ ಮೇಲೆ ನೀರು ನಿಂತೇ ಇರುತ್ತಿತ್ತು. "ಕೊಳವೆ ಜೋಡಿಸಿದ್ದು ಸರಿಯಿರಲಿಲ್ಲ ಸಾರ್" ಎಂದೆ ಸೆಕ್ರೆಟರಿಯವರಿಗೆ. ಅದು ಸುಳ್ಳೇನೂ ಆಗಿರಲಿಲ್ಲ. ಆಮೇಲೆ ಕಾಯಿಲ್ ಸುಡಲಿಲ್ಲ. ಅಡುಗೆಯವರು ದೆವ್ವ ಹೋಯಿತೆಂದು ನೆಮ್ಮದಿಯಾದರು. ಅಮಾವಾಸ್ಯೆಯ ದಿನ ಬೋಳು ಕಲ್ಲಿನ ಮೇಲೆ ನೀರು ಬೀಳುವುದು ಮಾತ್ರ ನಿಲ್ಲಲಿಲ್ಲ.

ತಾತ ಜಗಲಿಯಲ್ಲಿ ಕೂತು ಅದನ್ನೆಲ್ಲ ಹೇಳಿದ ದಿನ ಮನೆಗೆ ಹೋದಾಗ ನನ್ನ ಹೆಂಡತಿ ಎಲ್ಲರದೂ ಮುಗಿದ ಮೇಲೆ ಹಂಡೆಯ ತಳ ಕೆರೆದು ನೀರು ತೋಡುತ್ತಿದ್ದಳು. ನಾನು ಒಲೆಗೆ ಎರಡು ಸೌದೆ ಹಾಕಿದೆ. ಅವಳು ನನ್ನನ್ನು ಹುಷಾರಿಲ್ಲದವನನ್ನು ನೋಡುವಂತೆ ನೋಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಮೊದಲ ನೀರು ಅವಳದು. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಒಳ್ಳೆಯ ರಿಪೇರಿ ಇದೇ ಇರಬೇಕು, ಅದನ್ನು ಕಲಿಸಿದವರು ತಾತ.

ಕಡೆಗಾಲದಲ್ಲಿ ಅವರು ಏಣಿ ಹತ್ತಲಾರದಾದರು. ಒಂದು ಸಂಜೆ ನನ್ನ ಮುಂಗೈ ಹಿಡಿದುಕೊಂಡು ಹೇಳಿದರು. "ನನ್ನ ಬೂದಿ ನೀನೇ ಬುಡು. ಆಮೇಲೆ ನಂಗೂ ವಸಿ ನೀರು ಬುಡು, ಬ್ಯಾಡ ಅನ್ನಲ್ಲ. ಆದ್ರೆ ಅಲ್ಲಿಗೇ ನಿಲ್ಲಿಸ್ಬುಟ್ಟು ಒಂಟೋಗ್ಬ್ಯಾಡ. ನನ್ನ ಇಂದೆ ಅವ್ಳು ಬತ್ತಾಳೆ. ಬಿಸಿ ಇರ್ಲಿ ಕಣ್ಲಾ."

ಒಂದು ಬೆಳಿಗ್ಗೆ ಜಗಲಿಯಲ್ಲಿ ಬಿಸಿಲು ಕಾಯುತ್ತ ಕೂತವರು ಹಾಗೆಯೇ ಹೋದರು. ಮೈ ತೊಳೆಯುವಾಗ ನೋಡಿದೆ, ಬೆರಳ ತುದಿಯ ಸುಕ್ಕುಗಳು ಬಿಟ್ಟುಕೊಂಡು ಚರ್ಮ ನಯವಾಗಿತ್ತು. ಹೊಳೆಯಂಚಿನಲ್ಲೇ ಸುಟ್ಟೆವು. ಬೂದಿಯನ್ನು ನಾನೇ ನೀರಿಗೆ ಬಿಟ್ಟೆ, ಬೇರೆ ಯಾರೂ ಇರಲಿಲ್ಲ.

ಛತ್ರಕ್ಕೆ ಬಂದು ಕೊನೆಯ ಬಚ್ಚಲಿನ ನಲ್ಲಿ ತಿರುಗಿಸಿ, ಬಾಗಿಲು ಎಳೆದುಕೊಂಡು ಬೆನ್ನು ಹಾಕಿ ನಿಂತೆ. ಮಧ್ಯಾಹ್ನದ ಬಿಸಿಲಿತ್ತು. ಬೋಳು ಸದ್ದು ತುಸು ಹೊತ್ತಿನಲ್ಲೇ ಮೆತ್ತಗಾಯಿತು. ಎಷ್ಟೋ ವರ್ಷಗಳ ನಂತರ ಬಿಸಿನೀರು ಕಂಡ ಮನುಷ್ಯ, ಆದರೂ ಬೇಗ ಮುಗಿಸಿದರು. ಮತ್ತೆ ಕಲ್ಲಿನ ಸದ್ದು ಬಂತು. ಒಳಗೆ ಹೋಗಿ ಧಾರೆಗೆ ಕೈಯೊಡ್ಡಿದೆ. ನೀರು ಆಗಲೇ ಆರುತ್ತಿತ್ತು, ಕೊನೆಯಲ್ಲಿ ಮೀಯುವವರ ಪಾಲಿನ ನೀರಿನಂತೆ.

ನಲ್ಲಿ ನಿಲ್ಲಿಸಿದೆ. ಮೋಟಾರು ಹಾಕಿ ಡ್ರಮ್ಮು ತುಂಬಿಸಿದೆ. ಏಣಿ ಹತ್ತಿ ಬಾಯ್ಲರಿನ ಪಕ್ಕದಲ್ಲಿ ಕೂತು, ನೀರು ಪೂರ್ತಿ ಕಾದು ಕೆಂಪು ದೀಪ ಆರುವುದನ್ನೇ ಕಾದೆ. ಅದು ಆರಿದ ಮೇಲೆ ಇಳಿದು ಬಂದು, ತಾತನ ಪೆಟ್ಟಿಗೆಯಿಂದ ಆ ಹೊಸ ಟವೆಲು ತೆಗೆದು ಗೂಟಕ್ಕೆ ಹಾಕಿದೆ. ಅರಿಸಿನದ ಬಟ್ಟಲು ಇಟ್ಟೆ. ನಲ್ಲಿ ತಿರುಗಿಸಿದೆ. ಹಬೆಯಾಡುವ ನೀರು ಬಿತ್ತು.

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಸದ್ದು ಬದಲಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಜ್ಜಿ ಮಾತ್ರ ಬಹಳ ಹೊತ್ತು ಮಿಂದರು. ನಾನು ಅವಸರ ಮಾಡಲಿಲ್ಲ.